ಗುಳೆ ಹೋಗುವ ಮನೆಯ ಮಗುವಿನ ಫೈಲ್‌ನಲ್ಲಿ ಏನಿರಬೇಕು

ರಾಯಚೂರು ಕಡೆಯ ಹಳ್ಳಿಗಳಲ್ಲಿ ಮಕ್ಕಳ ಮನೆಭೇಟಿ ಮಾಡುವವರ ಫಾರಂ ತುಂಬ ಬರೀ ಕೊರತೆಗಳೇ: ಅಪ್ಪನ ಕುಡಿತ, ಸಾಲ, ಓದು ಬಾರದ ತಾಯಿ, ಗುಳೆ. ಇವನ್ನು ಬರೆಯಲೇಬೇಕು. ಆದರೆ ಮಗುವಿಗೆ ಆಸರೆ ಯಾರು ಅನ್ನುವುದು ಬರೆದಿರದಿದ್ದರೆ ಮುಂದಿನ ಕೆಲಸಕ್ಕೆ ಆ ಫೈಲ್‌ನಿಂದ ದಾರಿ ಸಿಗದು.

ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಅವರ 40ನೇ ವಯಸ್ಸಿನವರೆಗೂ ಬೆನ್ನುಬಿಡದೆ ಗಮನಿಸಿದರು. ಎರಡು ವರ್ಷ ತುಂಬುವುದರೊಳಗೇ ಬಡತನ, ಹೆರಿಗೆಯ ತೊಡಕು, ಮನೆಯ ಜಗಳ, ಹೆತ್ತವರ ಮಾನಸಿಕ ಕಾಯಿಲೆ ಇಂಥ ನಾಲ್ಕೋ ಹೆಚ್ಚೋ ಅಪಾಯಗಳಿಗೆ ಸಿಕ್ಕ ಮಕ್ಕಳಲ್ಲೂ ಮೂರನೇ ಒಂದು ಪಾಲು ಚೆನ್ನಾಗಿ ಬೆಳೆದಿತ್ತು. ಅವರಿಗೆ ಅಜ್ಜಿಯೋ ಅಕ್ಕನೋ ಚಿಕ್ಕಮ್ಮನೋ ಮಾಸ್ತರೋ, ನೆಚ್ಚಿಕೊಳ್ಳಲು ಒಬ್ಬರಾದರೂ ಇದ್ದರು.

ಆ ಒಬ್ಬರನ್ನು ಪತ್ತೆಹಚ್ಚುವುದು ಪ್ರಶ್ನೆ ಕೇಳುವ ರೀತಿಯ ಮೇಲಿದೆ. ‘ನಿನ್ನ ಯಾರು ಪ್ರೀತಿ ಮಾಡ್ತಾರ?’ ಅಂದರೆ ಮಗು ಎದುರಿಗಿರುವ ಅವ್ವನ ಮುಖ ನೋಡಿ ‘ಅವ್ವ’ ಅನ್ನುತ್ತದೆ. ಅಂಗಳದಾಚೆ ಕರೆದೊಯ್ದು, ‘ಅವ್ವ ಊರಾಗಿಲ್ಲಂದ್ರ ಯಾರ ಮನ್ಯಾಗ ಉಣ್ತಿ? ರಾತ್ರಿ ಜ್ವರ ಬಂದ್ರ ಯಾರನ್ನ ಎಬ್ಬಸ್ತಿ?’ ಎಂದು ಕೇಳಿ. ಎರಡಕ್ಕೂ ಒಂದೇ ಹೆಸರು ಬಂದರೆ ಅವರ ಮನೆಗೆ ಅದೇ ದಿನ ಹೋಗಿ ಮಾತಾಡಿಸಿ. ಹೆಸರೇ ಬಾರದಿದ್ದರೆ, ಮಗು ಎಷ್ಟೇ ಚುರುಕಾಗಿ ಕಂಡರೂ, ಮುಂದಿನ ಭೇಟಿಯನ್ನು ಬೇಗ ಇಟ್ಟುಕೊಳ್ಳಿ. ‘ಗಟ್ಟಿ ಹುಡುಗಿ, ತಡ್ಕೋತಾಳ’ ಎಂದು ಷರಾ ಬರೆದ ಮೇಲೆ ಆ ಮನೆಗೆ ಯಾರೂ ಹೋಗುವುದಿಲ್ಲ. ಅಪಾಯ ಅಲ್ಲಿಂದಲೇ ಶುರು.

ಕವಾಯಿಯಲ್ಲಿ ಚೆನ್ನಾಗಿ ಬೆಳೆದ ಮಕ್ಕಳಲ್ಲಿ ಬಹಳಷ್ಟು ಮಂದಿ ತಮ್ಮ-ತಂಗಿಯರನ್ನು ನೋಡಿಕೊಳ್ಳುವಂಥ ಮನೆಗೆಲಸ ಮಾಡುತ್ತಿದ್ದರು ನಿಜ. ಅದನ್ನು ಹಿಡಿದು ಸಾಲಿ ಬಿಡಿಸಿ ಹತ್ತಿ ಕ್ರಾಸಿಂಗ್‌ಗೆ (ಬೀಜದ ಹತ್ತಿ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೂಲಿಗೆ) ಕಳಿಸುವುದನ್ನು ಸಮರ್ಥಿಸುವವರಿದ್ದಾರೆ. ಖಂಡಿತ ಒಪ್ಪಲಾಗದು. ಸಾಲಿ ಮುಗಿಸಿ ಬಂದು ಕೊಡ ನೀರು ತರುವುದು ಬೇರೆ, ಕೂಲಿಗಾಗಿ ಸಾಲಿ ಬಿಡುವುದು ಬೇರೆ. ಹಾಜರಿ ಪುಸ್ತಕ ನೋಡಿದರೆ ಯಾವುದು ಯಾವುದೆಂದು ತಿಳಿಯುತ್ತದೆ.

ಇನ್ನು ಮಗು ಕೈತಪ್ಪುವ ವಿಚಾರ. ದೀಪಾವಳಿ ಕಳೆದು ಮನೆಮಂದಿ ಬೆಂಗಳೂರು ಬಸ್ ಹತ್ತಿದರೆ ಸಿಮ್ ಬದಲಾಗುತ್ತದೆ, ಕೊಟ್ಟ ನಂಬರ್ ಸ್ವಿಚ್ ಆಫ್. ಆದ್ದರಿಂದ ಮೊದಲ ಭೇಟಿಯಲ್ಲೇ ಮೂರು ನಂಬರ್ ಬರೆದುಕೊಳ್ಳಿ: ಊರಲ್ಲೇ ಉಳಿಯುವ ಸಂಬಂಧಿಕರದು, ಉದ್ರಿ ಕೊಡುವ ಕಿರಾಣಿ ಅಂಗಡಿಯವರದು, ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಯದು. ಅಂಗಡಿಯವರಿಗೆ ಬಾಕಿ ಬರಬೇಕಿರುವುದರಿಂದ ಆ ಮನೆಯವರು ಎಲ್ಲಿದ್ದಾರೆಂಬುದು ಅವರಿಗೆ ಗೊತ್ತಿರುತ್ತದೆ. ಅವರ ಬಳಿ ವಿಳಾಸ ಮಾತ್ರ ಕೇಳಿ, ಮಗುವಿನ ಮನೆಯ ವಿಷಯ ಬಾಯಿಬಿಡಬೇಡಿ. ಅಲಾಯಿ ಹಬ್ಬಕ್ಕೆ (ಮೊಹರಂ), ಊರ ಜಾತ್ರೆಗೆ ಬಹುತೇಕ ಜನ ಮರಳುತ್ತಾರೆ. ಮರುಭೇಟಿಯ ತಾರೀಖನ್ನು ಆ ದಿನಗಳಿಗೇ ಹೊಂದಿಸಿ.

ಹತ್ತನೇ ಕ್ಲಾಸಿಗೆ ಸಾಲಿ ಬಿಟ್ಟವರ ಫೈಲ್ ಮುಚ್ಚಬೇಡಿ. ಕವಾಯಿಯಲ್ಲಿ ಹದಿಹರೆಯದಲ್ಲಿ ಎಡವಿದ ಬಹುಪಾಲು ಜನ 32-40ರ ಹೊತ್ತಿಗೆ ಸುಧಾರಿಸಿಕೊಂಡಿದ್ದರು. ಬಿಟ್ಟ ಓದನ್ನು ಕಾಲೇಜಿಗೆ ಮರಳಿ ಮುಂದುವರಿಸಿದ್ದು, ಒಳ್ಳೆಯ ಸಂಗಾತಿ ಸಿಕ್ಕಿದ್ದು ಅವರ ಕೈಹಿಡಿದಿದ್ದವು. ನಮ್ಮಲ್ಲಿ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟುವ ದಾರಿ ಇದೆ. ಅರ್ಜಿಯ ಕೊನೆ ದಿನಾಂಕವನ್ನು ಊರಲ್ಲಿರುವ ಸಂಬಂಧಿಕರಿಗೂ ಮೇಸ್ತ್ರಿಗೂ ಫೋನ್ ಮಾಡಿ ತಿಳಿಸಿ.