ಸೇವ್ ಅಂದ್ರ ಏನಂತ ಏಜೆಂಟಿಗೆ ನಾನು ಹೇಳೇ ಇರಲಿಲ್ಲ

ಕಾರಟಗಿ ಕಡೆಯಿಂದ ಒಬ್ರು ಹಿರಿಯರು ಫೋನ್ ಮಾಡಿದ್ರು. "ತಮ್ಮಾ, ಕಾಲುವಿಗೆ ನೀರು ಬಿಡ್ತಾರಂತ ನಿಮ್ಮ ಸೈಟಿನ್ಯಾಗ ಬಂದೈತಂತ, ನಮ್ಮ ಹುಡುಗ ಓದಿ ಹೇಳಿದ, ಸಸಿ ಮಡಿ ಹಾಕಲೇನು?" ನಾನು ಅಂಥಾ ಸುದ್ದಿ ಹಾಕೇ ಇರಲಿಲ್ಲ. ಸೈಟ್ ತೆಗದು ನೋಡಿದ್ರ ಎಲ್ಲಕ್ಕಿಂತ ಮ್ಯಾಲೇ ಕುಂತೈತಿ, "ಎಡದಂಡೆ ಕಾಲುವೆಗೆ ನೀರು" ಅಂತ ದಪ್ಪ ಅಕ್ಷರದಾಗ. ಬ್ಯಾಡ್ರಿ ಯಜಮಾನ್ರ, ಇನ್ನೂ ಏನೂ ತೀರ್ಮಾನ ಆಗಿಲ್ಲ ಅಂದೆ. ಬೀಜ ನೆನಿ ಹಾಕಿಲ್ಲ ಬಿಡು ಇನ್ನ ಅಂದ್ರು ಅವ್ರು, ಆಗ ನನಗ ಜೀವ ಬಂದಂಗಾತು.

ಗಂಗಾವತಿಯಿಂದ ನಾನು ನಡಸೋ ಸಣ್ಣ ಸೈಟ್ ಇದು, ಭತ್ತದ ರೇಟು, ಕಾಲುವಿ ನೀರು, ಕರೆಂಟ್ ಯಾವಾಗ ತೆಗೀತಾರ, ಇಷ್ಟ. ವರ್ಡ್‌ಪ್ರೆಸ್ ಅನ್ನೋ ಸೈಟ್ ನಡಸೋ ಸಾಫ್ಟ್‌ವೇರ್ ಮ್ಯಾಲ ಐತಿ, ಅದಕ್ಕ ಒಂದು ಎಐ ಏಜೆಂಟ್ ಜೋಡ್ಸೀನಿ, ಅಂದ್ರ ಹೇಳಿದ ಕೆಲ್ಸ ತಾನೇ ಮಾಡೋ ಎಐ, ವಾಟ್ಸಾಪಿಗೆ ಬಂದ ಮೆಸೇಜ್ ಕೊಟ್ರ ಅದು ಚೊಲೋತಂಗ ಬರದು ಡ್ರಾಫ್ಟ್ ಇಡ್ಬೇಕು, ನಾನು ಓದಿ ಪಬ್ಲಿಶ್ ಮಾಡ್ಬೇಕು, ಹಿಂಗಂತ ನನ್ನ ತಲಿಯೊಳಗ ಇತ್ತು, ತಲಿಯೊಳಗ ಅಷ್ಟ ಇತ್ತು. ಆವತ್ತಿನ ಮೆಸೇಜಿನ್ಯಾಗ ಇದ್ದದ್ದು ನೀರಾವರಿ ಸಲಹಾ ಸಮಿತಿ ಮೀಟಿಂಗ್ ಆದಮ್ಯಾಲ ನೀರು ಬಿಡಬಹುದು ಅಂತ. ಮೀಟಿಂಗೇ ಆಗಿರಲಿಲ್ಲ.

ಏಜೆಂಟ್ ಸೈಟಿನ್ಯಾಗ ಏನರ ಮಾಡ್ಬೇಕಂದ್ರ ನಾನು ಬರದು ಕೊಟ್ಟ ಟೂಲ್ ಬಳಸ್ಬೇಕು, ರಾತ್ರಿ ಕುಂತು ಅದನ್ನ ತೆಗದು ನೋಡಿದೆ. ಹೆಸರು "ಸೇವ್ ಪೋಸ್ಟ್". ವಿವರಣೆ "ಪೋಸ್ಟ್ ಸೇವ್ ಮಾಡುತ್ತದೆ". ಮುಗೀತು. ಒಳಗ ಸ್ಟೇಟಸ್ ಅನ್ನೋ ಜಾಗಕ್ಕ ಡ್ರಾಫ್ಟ್, ಪೆಂಡಿಂಗ್, ಪಬ್ಲಿಶ್ ಮೂರೂ ನಡೀತಾವ, ಯಾವಾಗ ಯಾವ್ದು ಅಂತ ಒಂದಕ್ಷರ ಇಲ್ಲ. ಏಜೆಂಟ್ ಪಬ್ಲಿಶ್ ಅಂತ ತುಂಬೈತಿ. ಅದರ ತಪ್ಪೇನೈತಿ ಹೇಳ್ರಿ.

ಇದನ್ನ ಭಾಳ ಮಂದಿ ತಿಳ್ಕೊಂಡಿರಂಗಿಲ್ಲ, ಟೂಲಿನ ಹಿಂದಿರೋ ಕೋಡ್ ಮಾಡೆಲ್ಲಿಗೆ, ಅಂದ್ರ ಏಜೆಂಟಿನ ಒಳಗಿರೋ ಎಐಗೆ, ಕಾಣಂಗಿಲ್ಲ. 2023ರಾಗ ಫಂಕ್ಷನ್ ಕಾಲಿಂಗ್ (ಎಐ ಟೂಲ್ ಕರಿಯೋ ರೀತಿ) ಬಂದಾಗಿಂದ, 2024ರ ನವೆಂಬರ್‌ನಾಗ ಎಐ ಕಂಪನಿ ಆಂಥ್ರಾಪಿಕ್‌ನವರು ಬಿಟ್ಟ ಎಂಸಿಪಿ (ಎಐಗೆ ಟೂಲ್ ಜೋಡಸೋ ಒಂದು ಪದ್ಧತಿ) ತನಕ ಇದೇ ಕಥಿ, ಅದಕ್ಕ ಸಿಗೋದು ಟೂಲಿನ ಹೆಸರು, ವಿವರಣೆ, ಯಾವ ಫೀಲ್ಡಿಗೆ ಏನು ತುಂಬ್ಬೇಕು ಅನ್ನೋ ಪಟ್ಟಿ. ನಮ್ಮೂರ ಮಿಲ್ಲಿಗೆ ಭತ್ತದ ಲಾರಿ ಬರ್ತೈತಲ್ಲ, ಡ್ರೈವರ್ ಕೈಯಾಗ ಒಂದು ಚೀಟಿ ಇರ್ತೈತಿ, ಅದರಾಗ "ಮಾಲು ಇಳಿಸು" ಅಂತ ಅಷ್ಟ ಬರದ್ರ ಅಂವ ಎದುರಿಗೆ ಕಂಡ ಮಿಲ್ಲಿನ್ಯಾಗ ಇಳಸ್ತಾನ.

ಈಗ ಒಂದು ಟೂಲ್ ಹೋಗಿ ಎರಡಾಗ್ಯಾವ. ಮೊದಲನೇದರ ಹೆಸರೇ "ಕ್ರಿಯೇಟ್ ಡ್ರಾಫ್ಟ್", ಸ್ಟೇಟಸ್ ಅನ್ನೋ ಫೀಲ್ಡೇ ತೆಗದು ಹಾಕೀನಿ. ವಿವರಣೆ ಹಿಂಗೈತಿ: "ಹೊಸ ಪೋಸ್ಟನ್ನು ಡ್ರಾಫ್ಟ್ ಆಗಿ ಉಳಿಸುತ್ತದೆ, ಓದುಗರಿಗೆ ಕಾಣುವುದಿಲ್ಲ. ಈಗಾಗಲೇ ಇರುವ ಪೋಸ್ಟ್ ತಿದ್ದಲು ಇದನ್ನು ಬಳಸಬೇಡ. ನೀರು ಬಿಡುವ ಸುದ್ದಿಯಾದರೆ ಆದೇಶದ ದಿನಾಂಕ ಇರಲೇಬೇಕು, ಇಲ್ಲದಿದ್ದರೆ ಬರೆಯುವ ಮೊದಲು ನನ್ನನ್ನು ಕೇಳು." ಎರಡನೇದು ಪಬ್ಲಿಶ್: "ಕೂಡಲೇ ಎಲ್ಲರಿಗೂ ಕಾಣುತ್ತದೆ, ಫೋನುಗಳಿಗೆ ನೋಟಿಫಿಕೇಶನ್ ಹೋಗುತ್ತದೆ, ಪೋಸ್ಟ್ ಅಳಿಸಿದರೂ ಹೋದ ನೋಟಿಫಿಕೇಶನ್ ವಾಪಸ್ ಬರುವುದಿಲ್ಲ. ಈ ಪೋಸ್ಟ್ ಹಾಕು ಎಂದು ನಾನು ಹೇಳಿದಾಗ ಮಾತ್ರ." ನನ್ನ ಅನುಭವದಾಗ ಏನು ಮಾಡ್ತೈತಿ ಅಂತ ಬರಿಯೋಕ್ಕಿಂತ ಯಾವಾಗ ಮುಟ್ಟಬಾರದು ಅಂತ ಬರಿಯೋ ಸಾಲೇ ಹೆಚ್ಚು ಕೆಲ್ಸಕ್ಕ ಬರ್ತೈತಿ.

ರೇಟಿಂದು ಇನ್ನೊಂದು ಫಜೀತಿ. ಫೀಲ್ಡಿನ ಹೆಸರು ಬರೇ "ದರ" ಅಂತ ಇತ್ತು. ನಮ್ಮ ಕಡೆ ಭತ್ತದ ಮಾತು 75 ಕೆ.ಜಿ. ಚೀಲದ ಲೆಕ್ಕದಾಗ ಆಡ್ತಾರ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ ಹೇಳ್ತಾರ. 2024-25ಕ್ಕ ಸಾಮಾನ್ಯ ಭತ್ತಕ್ಕ ಕ್ವಿಂಟಲಿಗೆ 2,300 ರೂಪಾಯಿ ಇತ್ತು, ಅದನ್ನ ಚೀಲಕ್ಕ ತಂದ್ರ 1,725. ಎರಡೂ ಸರಿಯಾದ ನಂಬರೇ, ಆದ್ರ 1,725ನ್ನ ಕ್ವಿಂಟಲ್ ಅಂತ ಓದಿದ ರೈತ ಪೇಟೆ ಬಿದ್ದೋತು ಅಂತ ಗಾಬರಿಯಾಗಿ ಸಿಕ್ಕ ರೇಟಿಗೆ ಮಾಲು ಕೊಟ್ಟಾನು. ಈಗ ಫೀಲ್ಡ್ ಹೆಸರೇ "ಕ್ವಿಂಟಲ್ ದರ ರೂಪಾಯಿ", ಕೆಳಗ "ಮೆಸೇಜಿನಲ್ಲಿ ಚೀಲದ ದರ ಇದ್ದರೆ 75ರಿಂದ ಭಾಗಿಸಿ 100ರಿಂದ ಗುಣಿಸು, ಯಾವುದೆಂದು ಬರೆದಿರದಿದ್ದರೆ ಊಹಿಸಬೇಡ, ಕೇಳು" ಅಂತ ಬರದೀನಿ. ಟೈಮಿಗೂ ಹಂಗ ಬಿಡಿಸಿ ಬರೀಬೇಕಾತು, ಮುಂಜಾನಿ 6ಕ್ಕ ಅಂದದ್ದನ್ನ ಯುಟಿಸಿ, ಅಂದ್ರ ನಮ್ಮ ಗಡಿಯಾರಕ್ಕಿಂತ ಐದೂವರಿ ತಾಸು ಹಿಂದಿರೋ ಜಾಗತಿಕ ಟೈಮು, ಅಂತ ತಗೊಂಡ್ರ ನಮಗ 11.30 ಆಗ್ತೈತಿ.

ವಿವರಣೆ ಎಷ್ಟು ಚೊಲೋ ಬರದ್ರೂ ಅದು ಮಾತು, ಬೀಗ ಅಲ್ಲ. ಅದಕ್ಕ ವರ್ಡ್‌ಪ್ರೆಸ್‌ನಾಗ ಏಜೆಂಟಿನ ಅಕೌಂಟನ್ನ ಕಾಂಟ್ರಿಬ್ಯೂಟರ್ ಮಾಡೀನಿ, ಆ ರೋಲ್ ಇದ್ದವರು ಬರೀಬಹುದು, ಪಬ್ಲಿಶ್ ಮಾಡಾಕ ಬರಂಗಿಲ್ಲ. ಪಬ್ಲಿಶ್ ಟೂಲ್ ಬ್ಯಾರೆ ಅಕೌಂಟಿನಿಂದ ನಡೀತೈತಿ, ಪ್ರತಿಸಲ ನನ್ನ ಫೋನಿಗೆ ಬಂದು ಹೌದೋ ಅಲ್ಲೋ ಕೇಳ್ತೈತಿ. ಟೂಲ್ ವಾಪಸ್ ಕೊಡೋ ಉತ್ತರಾನೂ ಬದಲಿ ಮಾಡೀನಿ, ಮೊದ್ಲು ಬರೇ "ಸಕ್ಸಸ್" ಅಂತಿತ್ತು, ಈಗ "ಡ್ರಾಫ್ಟ್ ಆಗಿ ಉಳಿದಿದೆ, ಪಬ್ಲಿಶ್ ಆಗಿಲ್ಲ" ಅಂತೈತಿ, ಇಲ್ಲಾಂದ್ರ ಏಜೆಂಟ್ ನನಗ ಸುದ್ದಿ ಹಾಕಿದೆ ಅಂತ ತಪ್ಪು ಹೇಳ್ತಿತ್ತು.

ಹಳೇ ಪೋಸ್ಟ್ ತಿದ್ದೋಕ ಅಪ್‌ಡೇಟ್ ಅಂತ ಇನ್ನೊಂದು ಟೂಲ್ ಐತಿ, ಅದರದು ಇನ್ನೂ ಬಾಕಿ ಐತಿ. ಕೊಟ್ಟ ಸಾಲು ಅಷ್ಟ ಬದಲಿ ಆಗ್ತೈತೋ, ಪೋಸ್ಟ್ ಪೂರ್ತಿ ಅಳಿಸಿ ಹೊಸದು ಕುಂದರ್ತೈತೋ ಅಂತ ಅದರಾಗ ಎಲ್ಲೂ ಬರದಿಲ್ಲ. ಅದು ಆಗೋತನಕ ಹಳೇ ಪೋಸ್ಟ್ ತಿದ್ದೋದು ನಾನೇ ಕೈಯಾರ ಮಾಡಾಕತ್ತೀನಿ.