ಬಿಸಿ ಇರುವಾಗಲೇ ಹುಳಿ ಹಾಕಬೇಕು

ಆಲೂಗಡ್ಡೆ ಸಲಾಡ್ ಎಂದರೆ ಬೇಯಿಸಿದ ಆಲೂಗಡ್ಡೆಗೆ ಮಯೋನೀಸ್ ಕಲಸುವುದು, ಅಷ್ಟೇ ತಾನೇ? ನನ್ನ ಗೆಳತಿಯೂ ಹಾಗೇ ಅಂದಳು. "ಯಾವ ದೇಶದ್ದಾದರೂ ಒಂದೇ ಅಲ್ವೇನೇ, ಹೆಸರು ಬೇರೆ ಅಷ್ಟೇ" ಅಂತ. ಇಂಥದ್ದನ್ನು ವಾದ ಮಾಡಿ ಒಪ್ಪಿಸೋಕೆ ಆಗಲ್ಲ, ಮಾಡಿ ಬಡಿಸಬೇಕು. ಒಂದು ರಜೆಯ ದಿನ ಬೆಳಗ್ಗೆಯೇ ಅವಳನ್ನು ಅಡುಗೆಮನೆಗೆ ಕರೆದು, ಒಲೆಯ ಮೇಲೆ ಎರಡು ಪಾತ್ರೆ ಇಟ್ಟೆ.

ಎರಡು ಯಾಕೆಂದರೆ ಆಲೂಗಡ್ಡೆಯಲ್ಲೇ ಎರಡು ಸ್ವಭಾವ ಇದೆ. ಒಂದರಲ್ಲಿ ಪಿಷ್ಟ ಕಡಿಮೆ, ಬೆಂದರೂ ಆಕಾರ ಬಿಡುವುದಿಲ್ಲ, ತೆಳ್ಳಗೆ ಬಿಲ್ಲೆ ಹೆಚ್ಚಿದರೂ ಮುರಿಯುವುದಿಲ್ಲ. ಇನ್ನೊಂದರಲ್ಲಿ ಪಿಷ್ಟ ಜಾಸ್ತಿ, ಬೆಂದ ಕೂಡಲೇ ಹಿಟ್ಟು ಹಿಟ್ಟಾಗಿ ಬಿರಿಯುತ್ತದೆ. ಯಾವ ಸಲಾಡ್‌ಗೆ ಯಾವುದು ಅನ್ನುವುದನ್ನು ಮೊದಲೇ ಯೋಚಿಸದಿದ್ದರೆ ಅರ್ಧ ರುಚಿ ಅಲ್ಲೇ ಹೋಯಿತು. ಎರಡನ್ನೂ ಸಿಪ್ಪೆ ಸಮೇತ, ತಣ್ಣೀರಿಗೇ ಹಾಕಿ, ಉಪ್ಪು ಸೇರಿಸಿ ಬೇಯಲು ಇಟ್ಟೆ. ಕುದಿಯುವ ನೀರಿಗೆ ಹಾಕಿದರೆ ಹೊರಗೆ ಕರಗಿಹೋಗಿ ಒಳಗೆ ಇನ್ನೂ ಗಟ್ಟಿ ಉಳಿಯುತ್ತದೆ.

ಮೊದಲು ದಕ್ಷಿಣ ಜರ್ಮನಿಯ ಶ್ವಾಬಿಯಾ ಪ್ರದೇಶದ ಸಲಾಡ್. ಇದರಲ್ಲಿ ಮಯೋನೀಸ್ ಇಲ್ಲವೇ ಇಲ್ಲ. ಬೆಂದ ಆಲೂಗಡ್ಡೆಯನ್ನು ಕೈ ಸುಡುತ್ತಿರುವಾಗಲೇ ಸಿಪ್ಪೆ ಸುಲಿದು, ತೆಳ್ಳಗೆ ಬಿಲ್ಲೆಗಳಾಗಿ ಹೆಚ್ಚಬೇಕು. ಸಣ್ಣಗೆ ಕೊಚ್ಚಿದ ಈರುಳ್ಳಿ, ವಿನೆಗರ್, ಸ್ವಲ್ಪ ಸಾಸಿವೆ ಪೇಸ್ಟ್, ಉಪ್ಪು, ಕಾಳುಮೆಣಸಿನ ಪುಡಿ ಇಷ್ಟನ್ನೂ ಬಿಸಿ ಬಿಸಿ ಸ್ಟಾಕ್‌ಗೆ ಸೇರಿಸಿ ಅದರ ಮೇಲೆ ಸುರಿಯಬೇಕು. ಸ್ಟಾಕ್ ಅಂದರೆ ಮಾಂಸ ಅಥವಾ ತರಕಾರಿ ಬೇಯಿಸಿ ಸೋಸಿದ ನೀರು. ಅಲ್ಲಿ ಮಾಂಸದ ಸ್ಟಾಕ್ ಬಳಸುವುದು ರೂಢಿ, ನಾನು ತರಕಾರಿಯದ್ದು ಹಾಕಿದೆ. ನೋಡುವಾಗ "ಅಯ್ಯೋ, ಇಷ್ಟೊಂದು ನೀರಾ?" ಅನ್ನಿಸುತ್ತದೆ. ಗೆಳತಿ ಅಂದೇ ಬಿಟ್ಟಳು. ಸುಮ್ನೆ ಮುಚ್ಚಿಟ್ಟು ಕಾದರೆ ಸಾಕು, ಅಷ್ಟೂ ನೀರನ್ನು ಆಲೂಗಡ್ಡೆ ಕುಡಿದುಬಿಡುತ್ತದೆ, ಬಿಲ್ಲೆಗಳ ಅಂಚು ಸ್ವಲ್ಪ ಕರಗಿ ಕೆನೆಯಂಥ ಗೊಜ್ಜು ತಾನಾಗಿ ಆಗುತ್ತದೆ. ಎಣ್ಣೆ ಹಾಕುವುದು ಇದೆಲ್ಲ ಆದಮೇಲೆ. ಮೊದಲೇ ಎಣ್ಣೆ ಹಾಕಿದರೆ ಬಿಲ್ಲೆಗಳ ಮೇಲೆ ಪದರ ಕಟ್ಟಿ, ಹುಳಿ ಒಳಗೆ ಇಳಿಯುವುದು ಕಷ್ಟ.

ಅವಳಿಗೆ ತೋರಿಸಲೆಂದೇ ಒಂದಿಷ್ಟು ಆಲೂಗಡ್ಡೆಯನ್ನು ಪೂರ್ತಿ ಆರಲು ಬಿಟ್ಟು, ಅದೇ ಸ್ಟಾಕು, ಅದೇ ವಿನೆಗರ್ ಅಳತೆಯಲ್ಲಿ ಇನ್ನೊಂದು ಬಟ್ಟಲಲ್ಲಿ ಕಲಸಿದೆ. ನೀರು ತಳದಲ್ಲೇ ನಿಂತಿತು! ಆಲೂಗಡ್ಡೆ ಕಚ್ಚಿದರೆ ಹೊರಗೆ ಹುಳಿ, ಒಳಗೆ ಸಪ್ಪೆ. ಬೇಯುವಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ಆರುತ್ತಾ ಮತ್ತೆ ಬಿಗಿಯಾಗುತ್ತವೆ. ಬಿಗಿಯಾದ ಮೇಲೆ ಏನು ಹಾಕಿದರೂ ಅದು ಮೇಲಷ್ಟೇ. ಎರಡೂ ಬಟ್ಟಲು ಪಕ್ಕಪಕ್ಕ ಇಟ್ಟು ತಿಂದ ಮೇಲೆ ಅವಳು ಜಾಸ್ತಿ ಮಾತಾಡಲಿಲ್ಲ. ಸಾಮಗ್ರಿ ಒಂದೇ, ಹಾಕಿದ ಹೊತ್ತು ಮಾತ್ರ ಬೇರೆ. ನಾನು ಹೇಳಬೇಕೆಂದಿದ್ದದ್ದೂ ಇದನ್ನೇ.

ಈ ಗುಟ್ಟು ಶ್ವಾಬಿಯಾದವರಿಗೆ ಮಾತ್ರ ಗೊತ್ತಿದೆ ಅಂತಲ್ಲ. ವಿಯೆನ್ನಾದಲ್ಲೂ ಹೀಗೇ ಸ್ಟಾಕ್ ಸುರಿಯುತ್ತಾರೆ, ಒಂದು ಚಿಟಿಕೆ ಸಕ್ಕರೆ ಸೇರಿಸಿ ಶ್ನಿಟ್ಸೆಲ್ ಎಂಬ ಕರಿದ ಮಾಂಸದ ಜೊತೆ ತಿನ್ನುತ್ತಾರೆ. ಫ್ರಾನ್ಸಿನಲ್ಲಿ ಬಿಸಿ ಆಲೂಗಡ್ಡೆಗೆ ಮೊದಲು ಸ್ವಲ್ಪ ವೈಟ್ ವೈನ್ ಚಿಮುಕಿಸಿ, ಆಮೇಲೆ ವಿನೆಗರ್ ಮತ್ತು ಎಣ್ಣೆ ಹಾಕುವ ಕ್ರಮ ಇದೆ. ಆದರೆ ಜರ್ಮನಿಯಲ್ಲೇ ಉತ್ತರಕ್ಕೆ ಹೋದರೆ ಮಯೋನೀಸ್, ಮೊಟ್ಟೆ, ವಿನೆಗರ್‌ನಲ್ಲಿ ನೆನೆಸಿದ ಸೌತೆಕಾಯಿ ಬಂದುಬಿಡುತ್ತವೆ. ಎರಡು ಕಡೆಯವರೂ ತಮ್ಮದೇ ನಿಜವಾದ ಸಲಾಡ್ ಎನ್ನುತ್ತಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಅಲ್ಲಿ ಎಷ್ಟೋ ಮನೆಗಳಲ್ಲಿ ದೊಡ್ಡ ಅಡುಗೆ ಇರುವುದಿಲ್ಲ, ಆಲೂಗಡ್ಡೆ ಸಲಾಡ್ ಮತ್ತು ಸಾಸೇಜ್, ಅಷ್ಟೇ ಊಟ. ಹಬ್ಬದ ಊಟ ಇಷ್ಟು ಸರಳವಾಗಿರುವುದು ನನಗೆ ತುಂಬಾ ಇಷ್ಟ.

ಇನ್ನೊಂದು ಪಾತ್ರೆಯ ಹಿಟ್ಟು ಆಲೂಗಡ್ಡೆ ಜಪಾನಿನ ಸಲಾಡ್‌ಗೆ. ಅವರು ಬಿಸಿಯಲ್ಲೇ ಒರಟಾಗಿ ಮಸೆಯುತ್ತಾರೆ, ಪೂರ್ತಿ ನುಣ್ಣಗೆ ಮಾಡುವುದಿಲ್ಲ, ಅಲ್ಲಲ್ಲಿ ತುಂಡು ಸಿಗಬೇಕು. ಉಪ್ಪು ಮತ್ತು ಸ್ವಲ್ಪ ಅಕ್ಕಿ ವಿನೆಗರ್ ಬಿಸಿಯಲ್ಲೇ ಸೇರಿಸಿದೆ, ಮಯೋನೀಸ್ ಮಾತ್ರ ಆರಿದ ಮೇಲೆ. ಬಿಸಿಗೆ ಹಾಕಿದರೆ ಮಯೋನೀಸ್ ಒಡೆದು ಎಣ್ಣೆ ಬಿಡುತ್ತದೆ. ಸೌತೆಕಾಯಿ ಬಿಲ್ಲೆಗಳಿಗೆ ಉಪ್ಪು ಸವರಿಟ್ಟು ಹಿಂಡುವ ಕೆಲಸ ಗೆಳತಿಯದ್ದು. ಹಿಂಡದಿದ್ದರೆ ಅದು ಬಿಡುವ ನೀರಿಗೆ ಸಲಾಡ್ ತೆಳ್ಳಗಾಗುತ್ತದೆ. ಕ್ಯೂಪಿ ಕಂಪನಿ ಅಲ್ಲಿ 1925ರಲ್ಲಿ ಮಯೋನೀಸ್ ಮಾರಲು ಶುರು ಮಾಡಿತು. ಅವರು ಬಳಸುವುದು ಮೊಟ್ಟೆಯ ಹಳದಿ ಮಾತ್ರ, ಹಾಗಾಗಿ ರುಚಿ ಗಾಢ. ಈ ಸಲಾಡ್ ಅಲ್ಲಿ ಮನೆಯ ಊಟದಲ್ಲೂ ಇರುತ್ತದೆ, ಸಂಜೆ ಕುಡಿಯಲು ಕೂರುವ ಇಜಾಕಾಯಾಗಳಲ್ಲೂ ಇರುತ್ತದೆ.

ರಷ್ಯಾದ ಒಲಿವಿಯೇ ಸಲಾಡ್‌ಗೆ ಹೆಚ್ಚುವ ಕೆಲಸ ಜಾಸ್ತಿ. 1860ರ ದಶಕದಲ್ಲಿ ಮಾಸ್ಕೋದ ಹರ್ಮಿಟೇಜ್ ರೆಸ್ಟೋರೆಂಟ್‌ನಲ್ಲಿ ಲೂಸಿಯೆನ್ ಒಲಿವಿಯೇ ಎಂಬ ಬಾಣಸಿಗ ಇದನ್ನು ಮಾಡಿದ. ಆಗ ಅದು ಕಾಡುಕೋಳಿಯ ಮಾಂಸ, ಸೀಗಡಿಯ ಜಾತಿಯ ಕ್ರೇಫಿಶ್ ಎಲ್ಲ ಇದ್ದ ಶ್ರೀಮಂತರ ತಿನಿಸು. ಸೋವಿಯತ್ ಕಾಲದಲ್ಲಿ ಅವೆಲ್ಲ ಹೋಗಿ ಬೇಯಿಸಿದ ಸಾಸೇಜ್, ಡಬ್ಬಿಯ ಬಟಾಣಿ, ಕ್ಯಾರೆಟ್, ಮೊಟ್ಟೆ ಬಂದವು. ಆಲೂಗಡ್ಡೆ ಉಳಿಯಿತು, ಜಾಸ್ತಿಯೂ ಆಯಿತು. ಈಗ ಹೊಸ ವರ್ಷದ ಮೇಜಿನ ಮೇಲೆ ಅದು ಇರಲೇಬೇಕು. ಬಡವಾದ ಅಡುಗೆ ಅಂತ ಕೆಲವರು ಬೇಸರದಿಂದ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರೆಸ್ಟೋರೆಂಟ್‌ಗೆ ಕಾಲಿಡಲಾಗದ ಜನರ ಮನೆಗೆ ಬಂದಿದ್ದು ಈ ಸಾದಾ ರೂಪವೇ ಅಲ್ವಾ? ಸ್ಪೇನ್‌ನಲ್ಲಿ ಇದಕ್ಕೆ ಟ್ಯೂನಾ ಮೀನು ಸೇರಿತು, ಇರಾನಿನಲ್ಲಿ ಕೋಳಿಯ ಜೊತೆ ಎಲ್ಲವನ್ನೂ ಮಸೆದು ಬ್ರೆಡ್‌ನೊಳಗೆ ತುಂಬುವಂತಾಯಿತು. ನಾವು ಮಾಂಸ ಬಿಟ್ಟು, ವಿನೆಗರ್‌ನಲ್ಲಿ ನೆನೆಸಿದ ಸೌತೆಕಾಯಿ, ಮಯೋನೀಸ್ ಹಾಕಿ ಮಾಡಿದೆವು. ಎಲ್ಲ ತುಂಡೂ ಬಟಾಣಿಯಷ್ಟೇ ಇರಬೇಕು, ಒಂದು ಚಮಚದಲ್ಲಿ ಎಲ್ಲವೂ ಸಿಗಬೇಕು. ಅದಕ್ಕೆ ಹಸಿ ಆಲೂಗಡ್ಡೆಯನ್ನೇ ಸಣ್ಣಗೆ ಹೆಚ್ಚಿ, ನೀರಿಗೆ ಒಂದು ಚಮಚ ವಿನೆಗರ್ ಹಾಕಿ ಬೇಯಿಸಿದೆ. ಹುಳಿ ಇದ್ದರೆ ತರಕಾರಿಯನ್ನು ಹಿಡಿದಿಡುವ ಪೆಕ್ಟಿನ್ ಬೇಗ ಕರಗುವುದಿಲ್ಲ, ಮೂಲೆಗಳು ಚೂಪಾಗಿ ಉಳಿಯುತ್ತವೆ.

ಲೆಬನಾನಿನ ರೀತಿಯದ್ದು ಬೇಗ ಆಯಿತು. ನಿಂಬೆರಸ, ಆಲಿವ್ ಎಣ್ಣೆ, ಬೆಳ್ಳುಳ್ಳಿ, ಪುದೀನ, ಪಾರ್ಸ್ಲಿ, ಮುಗಿಯಿತು. ಸಾಸಿವೆ ಪೇಸ್ಟ್, ಸೆಲರಿ, ಮೊಟ್ಟೆಯ ಅಮೆರಿಕದ ಸಲಾಡ್ ಅವಳಿಗೆ ಮೊದಲೇ ಗೊತ್ತಿದ್ದದ್ದು, ಬಿಟ್ಟೆವು.

ಕೊನೆಗೆ ಪೆರುವಿನ ಕೌಸಾ. ಇದನ್ನು ಕೊನೆಗೆ ಬೇಕೆಂದೇ ಇಟ್ಟುಕೊಂಡಿದ್ದೆ. ಆಲೂಗಡ್ಡೆ ಹುಟ್ಟಿದ್ದೇ ಆಂಡೀಸ್ ಬೆಟ್ಟಗಳಲ್ಲಿ, ಸಾವಿರಾರು ವರ್ಷಗಳ ಹಿಂದೆ ಜನ ಅದನ್ನು ಬೆಳೆಯಾಗಿ ಪಳಗಿಸಿದ್ದು ಅಲ್ಲಿ, ಯುರೋಪಿಗೆ ಹೋಗಿದ್ದು 16ನೇ ಶತಮಾನದಲ್ಲಿ ಸ್ಪೇನ್‌ನವರ ಕೈಯಲ್ಲಿ. ಇವತ್ತಿಗೂ ಆಂಡೀಸ್‌ನಲ್ಲಿ 4000ಕ್ಕೂ ಹೆಚ್ಚು ನಾಡ ತಳಿಗಳಿವೆ. ಕೌಸಾಗೆ ಹಳದಿ ಆಲೂಗಡ್ಡೆಯನ್ನು ನುಣ್ಣಗೆ ಮಸೆದು, ನಿಂಬೆರಸ, ಎಣ್ಣೆ, ಅಹೀ ಅಮರೀಯೋ ಎಂಬ ಮೆಣಸಿನಕಾಯಿಯ ಪೇಸ್ಟ್ ಕಲಸುತ್ತಾರೆ. ಒಂದು ಪದರ ಇದು, ಮೇಲೆ ಕೋಳಿ ಅಥವಾ ಟ್ಯೂನಾ ಅಥವಾ ಬೆಣ್ಣೆಹಣ್ಣು, ಮತ್ತೆ ಒಂದು ಪದರ. ತಣ್ಣಗೆ ಮಾಡಿ ಕತ್ತರಿಸಿ ಬಡಿಸುವುದು. ನಾನು ಬೆಣ್ಣೆಹಣ್ಣು ಇಟ್ಟೆ. ನಿಂಬೆಯ ಹುಳಿ, ಮೆಣಸಿನಕಾಯಿಯ ಹಣ್ಣಿನಂಥ ಘಮ, ಹಿಂದಿನಿಂದ ನಿಧಾನಕ್ಕೆ ಏರುವ ಖಾರ, ಅದರ ನಡುವೆಯೂ ಆಲೂಗಡ್ಡೆಯ ರುಚಿ ಎಲ್ಲಕ್ಕಿಂತ ಮುಂದೆ! ಬೇರೆ ಸಲಾಡ್‌ಗಳಲ್ಲಿ ಆಲೂಗಡ್ಡೆ ಉಳಿದವಕ್ಕೆ ಜಾಗ ಬಿಡುತ್ತದೆ, ಇದರಲ್ಲಿ ಉಳಿದವು ಆಲೂಗಡ್ಡೆಗೆ ಜಾಗ ಬಿಡುತ್ತವೆ.

ಗೆಳತಿಗೆ ಜಪಾನಿನದ್ದೇ ಹಿಡಿಸಿತು. ನನ್ನ ಓಟು ಶ್ವಾಬಿಯಾದ್ದಕ್ಕೆ, ಅದನ್ನು ಉಗುರುಬೆಚ್ಚಗೆ ಇರುವಾಗಲೇ ತಿಂದು ಮುಗಿಸಿದೆವು. ಉಳಿದದ್ದನ್ನೆಲ್ಲ ತಡಮಾಡದೆ ಫ್ರಿಜ್‌ಗೆ ಹಾಕಿದೆ. ಇಂಥ ಸಲಾಡ್ ತಿಂದು ಹೊಟ್ಟೆ ಕೆಟ್ಟರೆ ಎಲ್ಲರೂ ಬೈಯುವುದು ಮಯೋನೀಸ್‌ಗೆ, ಆದರೆ ಬಾಟಲಿಯ ಮಯೋನೀಸ್‌ನಲ್ಲಿ ಹುಳಿ ಇರುತ್ತದೆ, ರೋಗಾಣು ಅದರಲ್ಲಿ ಸುಲಭವಾಗಿ ಬೆಳೆಯುವುದಿಲ್ಲ. ಬೆಂದ ಆಲೂಗಡ್ಡೆ, ಮೊಟ್ಟೆಯನ್ನು ಗಂಟೆಗಟ್ಟಲೆ ಹೊರಗೆ ಬಿಡುವುದೇ ಅಪಾಯ. ಮರುದಿನ ಒಲಿವಿಯೇ ಇನ್ನೂ ಚೆನ್ನಾಗಿತ್ತು, ಸೌತೆಕಾಯಿಯ ಹುಳಿ ಎಲ್ಲ ಕಡೆ ಹರಡಿತ್ತು. ಲೆಬನಾನಿನ ಸಲಾಡ್ ಮಾತ್ರ ಪುದೀನ ಕಪ್ಪಾಗಿ ಮಂಕಾಗಿತ್ತು. ಮುಂದಿನ ಸಲ ಅದಕ್ಕೆ ಸೊಪ್ಪನ್ನು ಬಡಿಸುವಾಗಲೇ ಹಾಕುತ್ತೇನೆ.