ಬೋಟು ಹತ್ತಿದ ಬಂಗುಡೆ

ಮಕ್ಕಳ ಹಾಡಿನ ಕಾರ್ಯಕ್ರಮ ಅಂದ ತಕ್ಷಣ ನನಗೆ ಈಗಲೂ ನೆನಪಾಗೋದು ಈಟಿವಿ ಕನ್ನಡದ ಹಾಡಿನ ಸ್ಪರ್ಧೆ 'ಎದೆ ತುಂಬಿ ಹಾಡುವೆನು'. ಎಸ್.ಪಿ. ಬಾಲಸುಬ್ರಹ್ಮಣ್ಯಂ ಮಕ್ಕಳನ್ನು ಮೊದಲು ಮೆಚ್ಚುತ್ತಿದ್ದರು. ತಿದ್ದುವುದು ಆಮೇಲೆ, ಅದೂ ತಾವೇ ಹಾಡಿ ತೋರಿಸಿ. ತಪ್ಪಿದರೂ ಪರವಾಗಿಲ್ಲ ಅನ್ನೋ ಧೈರ್ಯ ಬರೋದು ಹಾಗೇ ಅಲ್ವಾ?

ಅಮೆರಿಕದಲ್ಲಿ 1969ರಲ್ಲಿ ಶುರುವಾದ ಮಕ್ಕಳ ಟೀವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್' ಸ್ಪರ್ಧೆಯೇ ಇಲ್ಲದೆ ಅಕ್ಷರ, ಅಂಕಿ, ಕೋಪ, ಭಯ ಎಲ್ಲವನ್ನೂ ಹಾಡು ಮಾಡಿತು. ನನಗೆ ಈ ದಾರಿಯೇ ಜಾಸ್ತಿ ಇಷ್ಟ. ಸೋತು ಅಳುವ ಮಗುವಿನ ಮುಖಕ್ಕೆ ಕ್ಯಾಮೆರಾ ಹಿಡಿಯುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಮೊನ್ನೆ ಮಲ್ಪೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಹೊರಗೆ ಜೋರು ಮಳೆ. ಅಕ್ಕನ ಮಗಳು ಟೀವಿಯ ಹಾಡಿನ ಧಾಟಿ ಹಿಡಿದು, ಸ್ಟೀಲ್ ಲೋಟಕ್ಕೆ ಚಮಚ ಬಡಿಯುತ್ತಾ, ಹಾಡಿನಲ್ಲಿದ್ದ ರೈಲು ತೆಗೆದು ಬೋಟು ಹಾಕಿದಳು. ಬಂಗುಡೆ, ಬೂತಾಯಿ ಮೀನುಗಳೆಲ್ಲ ಒಂದೊಂದಾಗಿ ಬೋಟು ಹತ್ತಿದವು. ಕ್ಲಾಸಿನಲ್ಲಿ ಹೆಸರು ಕೇಳಿದರೂ ತಲೆ ತಗ್ಗಿಸುವ ಹುಡುಗಿ ಇವಳು! "ಚಿಕ್ಕಮ್ಮ, ನೀನೂ ಒಂದು ಮೀನು ಹೇಳು" ಅಂದಳು. ಅಂಜಲ್ ಅಂದೆ. "ಅದು ದೊಡ್ಡದು, ಮುಂದಿನ ಸಾಲಿಗೆ ಇರಲಿ" ಅಂತ ಮತ್ತೆ ಲೋಟ ಬಡಿಯತೊಡಗಿದಳು.